ಕೊಡಂಗಲ್ಲೋ, ಮಿಲಾಗ್ರಿಸ್ಸೋ, ಕದ್ರಿಯೋ? ಮಂಗಳೂರಿನ ಸುತ್ತಲಿನ ಹಳೆಯ ಸಮಾಧಿಗಳನ್ನು ನೋಡಲು ಹೊರಟವರಿಗೆ

ಮಂಗಳೂರಿಗೆ ಬರುವ ನೆಂಟರಿಗೆ ನೋಡಬೇಕಾದ ಜಾಗಗಳು ಬಾಯಿಪಾಠವಾಗಿರುತ್ತವೆ. ಪಣಂಬೂರಿನ ಕಡಲು, ಕುದ್ರೋಳಿಯ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. ನಡುವೆ ನಾನು ಹಳೆಯ ಸಮಾಧಿಗಳ ಮಾತೆತ್ತಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ನನ್ನ ದೊಡ್ಡಮ್ಮ ಸುಮ್ಮನಾಗುವವರಲ್ಲ. “ಮಸಣಕ್ಕೆ ಹೆಣ ಹೊತ್ತವರು ಹೋಗುತ್ತಾರೆ. ಬುತ್ತಿ ಕಟ್ಟಿಕೊಂಡು ನೋಡುವುದಕ್ಕೆಂದು ಯಾರು ಹೋಗುತ್ತಾರೆ?” ಎಂದು ನೇರವಾಗಿ ಕೇಳಿದ್ದರು. ಅದೇ ದೊಡ್ಡಮ್ಮ ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಒಂದು ಸಮಾಧಿಯ ಎದುರು ಮುಕ್ಕಾಲು ಗಂಟೆ ಕುಳಿತದ್ದನ್ನು ಮುಂದೆ ಹೇಳುತ್ತೇನೆ.

ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನಲ್ಲಿ ಇರುವಂತೆ ಒಂದೇ ಗೇಟಿನೊಳಗೆ ಸಾಲುಸಾಲಾಗಿ ಗೋಪುರಗಳು ನಿಂತ ದೊಡ್ಡ ಸ್ಮಶಾನ ನಮ್ಮಲ್ಲಿಲ್ಲ. ನಮ್ಮದು ಚದುರಿದ ಊರು. ಜೈನ ಮುನಿಗಳದ್ದು ಒಂದು ಕಡೆ, ಕ್ರೈಸ್ತರದ್ದು ಮತ್ತೊಂದು ಕಡೆ, ನಾಥ ಪಂಥದ ಜೋಗಿಗಳದ್ದು ಗುಡ್ಡದ ಮೇಲೆ, ದರ್ಗಾ ಹೊಳೆಯಾಚೆ. ಒಂದಕ್ಕೊಂದು ಹೋಲುವುದೂ ಇಲ್ಲ. ಆದ್ದರಿಂದ ಯಾವುದು ಚೆನ್ನ ಎಂದು ಕೇಳುವುದಕ್ಕಿಂತ, ನಾನು ಏನನ್ನು ನೋಡಲು ಹೊರಟಿದ್ದೇನೆ ಎಂದು ಮೊದಲು ಕೇಳಿಕೊಳ್ಳಿ. ಕಟ್ಟಡ ನೋಡಬೇಕೆಂದಿದ್ದರೆ ಕೊಡಂಗಲ್ಲು. ಹೆಸರು, ಇಸವಿ, ಮನೆತನಗಳನ್ನು ಓದಬೇಕೆಂದಿದ್ದರೆ ಮಿಲಾಗ್ರಿಸ್ ಇಗರ್ಜಿಯ, ಅಂದರೆ ಚರ್ಚಿನ, ಸ್ಮಶಾನ. ಒಂದೇ ಗಂಟೆ ಬಿಡುವಿದ್ದರೆ ಕದ್ರಿ. ಸಮಾಧಿಯ ಸುತ್ತ ಇಂದಿಗೂ ಜನ ಹೇಗೆ ಬದುಕುತ್ತಾರೆ ಎಂದು ಕಾಣಬೇಕಿದ್ದರೆ ಉಳ್ಳಾಲ. ಒಂದನ್ನೇ ಆರಿಸು ಎಂದರೆ ನಾನು ಎರಡು ಮಾತಿಲ್ಲದೆ ಕೊಡಂಗಲ್ಲಿಗೆ ಹೊರಡುತ್ತೇನೆ.

ಕೊಡಂಗಲ್ಲಿನ ನಿಷಿಧಿಗಳು

ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ಸ್ಟೇಟ್ ಬ್ಯಾಂಕ್ ಬಳಿಯ ನಿಲ್ದಾಣದಿಂದ ಗುರುಪುರ, ಕೈಕಂಬ, ಎಡಪದವು ದಾರಿಯಾಗಿ ಖಾಸಗಿ ಬಸ್ಸುಗಳು ಒಂದರ ಹಿಂದೊಂದು ಹೊರಡುತ್ತವೆ. ಊರಿನಲ್ಲಿ 18 ಬಸದಿಗಳಿವೆ. ಬಂದವರೆಲ್ಲ ಹೋಗುವುದು ಸಾವಿರ ಕಂಬದ ಬಸದಿಗೆ. ಅದನ್ನು ನೋಡಿ ಅಲ್ಲಿಂದಲೇ ಮರಳಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಆಟೋದವರಿಗೆ ಕೊಡಂಗಲ್ಲು, ನ್ಯಾಯಬಸದಿ ಎಂದು ಹೇಳಿ. ಅಲ್ಲಿ ಹುಲ್ಲಿನ ನಡುವೆ ಕಪ್ಪಗೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಹತ್ತಕ್ಕೂ ಹೆಚ್ಚು ಕಟ್ಟಡಗಳು ನಿಂತಿವೆ. ಅವು ಜೈನ ಗುರುಗಳ ಸಮಾಧಿಗಳು. ನಿಷಿಧಿ ಎನ್ನುತ್ತಾರೆ, ಶ್ರವಣಬೆಳಗೊಳದ ಹಳಗನ್ನಡ ಶಾಸನಗಳಲ್ಲಿ ನಿಸಿದಿಗೆ ಎಂದು ಬರುವುದು ಇದೇ ಮಾತು.

ಆದರೆ ಶ್ರವಣಬೆಳಗೊಳದಲ್ಲಿ ನಿಸಿದಿಗೆ ಎಂದರೆ ಹೆಚ್ಚಾಗಿ ಬರಹ ಕೆತ್ತಿದ ಕಲ್ಲು ಅಥವಾ ಕಂಬ. ಇಲ್ಲಿ ಅದು ಮನೆಯಾಗಿದೆ. ಚೌಕನೆಯ ಜಗಲಿ, ಅದರ ಮೇಲೊಂದು ನೆಲೆ, ಆ ನೆಲೆಗೆ ನಾಲ್ಕೂ ಕಡೆ ಇಳಿಜಾರಾದ ಸೂರು. ಅದರ ಮೇಲೆ ಸ್ವಲ್ಪ ಕಿರಿದಾದ ಇನ್ನೊಂದು ನೆಲೆ, ಮತ್ತೆ ಸೂರು. ಹೀಗೆ ಕಿರಿದಾಗುತ್ತಾ ಹೋಗಿ ತುದಿಯಲ್ಲಿ ಕಲ್ಲಿನ ಕಲಶ. ದಕ್ಷಿಣದ ದೇವಸ್ಥಾನಗಳ ಶಿಖರದಲ್ಲಿ ಇರುವಂತೆ ಪುಟ್ಟಪುಟ್ಟ ಗುಡಿಗಳ ಸಾಲು ಇಲ್ಲಿಲ್ಲ. ಬರೀ ಮಾಡಿನ, ಅಂದರೆ ಛಾವಣಿಯ, ಮೇಲೆ ಮಾಡು. ಭಾರತದ ಕಟ್ಟಡ ಕಲೆಯ ಚರಿತ್ರೆಯನ್ನು 1876ರಲ್ಲಿ ಬರೆದ ಜೇಮ್ಸ್ ಫರ್ಗುಸನ್ ಈ ಸಮಾಧಿಗಳನ್ನು ಕಠ್ಮಂಡುವಿನ ಪಗೋಡಗಳಿಗೆ ಹೋಲಿಸಿದ್ದರು. ಆಗಿನಿಂದ ಈ ನೇಪಾಳದ ಮಾತು ಎಲ್ಲರ ಬಾಯಲ್ಲೂ ಇದೆ.

ನಾನು ಆ ಹೋಲಿಕೆಯನ್ನು ಗೌರವಿಸುತ್ತೇನೆ, ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ಅನಿಸಿಕೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಪ್ಪಟೆ ಮಾಡು ಇಲ್ಲಿ ಬಾಳುವುದಿಲ್ಲ. ಮನೆ, ದೈವದ ಗುಡಿ, ದೇವಸ್ಥಾನ, ಬಸದಿ ಎಲ್ಲಕ್ಕೂ ಇಳಿಮಾಡೇ ಆಗಬೇಕು. ಭಟ್ಕಳದ ಹಳೆಯ ದೇವಾಲಯಗಳಲ್ಲಿ ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಸಾವಿರ ಕಂಬದ ಬಸದಿಯೂ ಹಾಗೆಯೇ: 1430ರಲ್ಲಿ ಕಟ್ಟಿದ ಆ ಬಸದಿಯ ಕೆಳಗಿನ ಮಾಡು ಕಲ್ಲಿನದು, ಮೇಲಿನ ಭಾಗ ಮರದ್ದು, ಎಲ್ಲವೂ ಇಳಿಜಾರು. ಹಾಗಾಗಿ ಮೊದಲು ಬಸದಿ ನೋಡಿ, ಹೊರಗಿನಿಂದ ಅದರ ಮಾಡುಗಳನ್ನು ಚೆನ್ನಾಗಿ ಕಣ್ಣಿಗೆ ತುಂಬಿಕೊಂಡು, ಆಮೇಲೆ ಕೊಡಂಗಲ್ಲಿಗೆ ಬನ್ನಿ. ಬದುಕಿದ್ದಾಗ ಯಾವ ಮಾಡಿನ ಕೆಳಗೆ ಆ ಗುರುಗಳು ನಿತ್ಯ ಕೈಮುಗಿಯುತ್ತಿದ್ದರೋ, ಆ ಮಾಡಿನದೇ ಚಿಕ್ಕ ರೂಪ ಅವರ ಮೇಲೂ ಕುಳಿತಿದೆ ಎಂದು ಯಾರೂ ಹೇಳದೆಯೇ ಅರ್ಥವಾಗುತ್ತದೆ.

ಬಸದಿಯ ಕಂಬಗಳ ಕೆತ್ತನೆ ನೋಡಿ ಬಂದ ಕಣ್ಣಿಗೆ ಇವು ಮೊದಲು ಬರಡು ಎನಿಸಬಹುದು. ಕಾರಣ ಕಲ್ಲು. ಬಸದಿಯ ಕಂಬಗಳು ಗ್ರಾನೈಟಿನವು, ಇವು ಮುರಕಲ್ಲಿನವು. ನಾವು ಮನೆ ಕಟ್ಟಲು ಬಳಸುವ ಅದೇ ಕೆಂಪುಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವ ಕಲ್ಲು ಅದು. 1800–01ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದು ಅರ್ಥ. ಮೈತುಂಬ ತೂತುಗಳಿರುವ ಈ ಕಲ್ಲಿನಲ್ಲಿ ಬೆರಳು, ಕಣ್ಣು, ಹೂವಿನ ಎಸಳು ಕೆತ್ತಲು ಆಗುವುದಿಲ್ಲ. ಹಾಗಾಗಿ ಕಟ್ಟಿದವರು ಕೆತ್ತನೆಯ ಆಸೆಯನ್ನೇ ಬಿಟ್ಟು ಗೆರೆ ಮತ್ತು ನೆರಳಿನಲ್ಲಿ ಕೆಲಸ ಮಾಡಿದ್ದಾರೆ. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಹೋಗಿ ನೋಡಿ. ಓರೆ ಬಿಸಿಲಿಗೆ ಪ್ರತಿ ಸೂರಿನ ಕೆಳಗೂ ಒಂದು ಕಪ್ಪು ಪಟ್ಟಿ ಮೂಡುತ್ತದೆ. ಮೇಲೆ ಮೇಲೆ ಹೋದಂತೆ ಆ ಪಟ್ಟಿ ಸಣ್ಣದಾಗುತ್ತದೆ. ಮೂಲೆಗಳಲ್ಲಿ ಎರಡು ಸೂರು ಕೂಡುವ ಜಾಗದಲ್ಲಿ ಕಲ್ಲನ್ನು ಹೇಗೆ ಓರೆಯಾಗಿ ಕಡಿದಿದ್ದಾರೆ ಎಂದು ಹತ್ತಿರ ನಿಂತು ನೋಡಿದರೆ, ಬಡಗಿಯ ಕೆಲಸವನ್ನು ಕಲ್ಲುಕುಟಿಗ ಮಾಡಿದ ಹಾಗಿದೆ. ಕಲ್ಲಿನ ತೂತುಗಳಲ್ಲಿ ಜರಿಗಿಡ ಹುಟ್ಟಿರುತ್ತದೆ. ನಡು ಮಧ್ಯಾಹ್ನ ಹೋದರೆ ಇದ್ಯಾವುದೂ ಕಾಣುವುದಿಲ್ಲ, ಕಪ್ಪು ಗುಡ್ಡೆಗಳಷ್ಟೇ ಕಾಣುತ್ತವೆ.

ದೊಡ್ಡಮ್ಮನನ್ನು ಕರೆದುಕೊಂಡು ಹೋದದ್ದು ಬಸದಿಯ ನೆಪದಲ್ಲಿ. ಕೊಡಂಗಲ್ಲಿನಲ್ಲಿ ಆಟೋ ಇಳಿದಾಗ ಅವರ ಮುಖ ಬಿಗಿದಿತ್ತು. ಎಲ್ಲಕ್ಕಿಂತ ಎತ್ತರದ ನಿಷಿಧಿಯ ಎದುರು ಬಂದವರು ತಟಕ್ಕನೆ ನಿಂತು ತುಳುವಿನಲ್ಲಿ “ಉಂದು ಉಪ್ಪರಿಗೆ ಅತ್ತಾ?” ಎಂದು ಕೇಳಿದರು. ಇದು ಉಪ್ಪರಿಗೆಯಲ್ಲವೇ ಎಂದು. ಹಿಂದೆ ಸ್ಥಿತಿವಂತರ ಮನೆಯ ಬೊಜ್ಜದಲ್ಲಿ, ಅಂದರೆ ಉತ್ತರಕ್ರಿಯೆಯಲ್ಲಿ, ದಹನವಾದ ಜಾಗದಲ್ಲಿ ಅಡಿಕೆ ಮರ, ಬಿದಿರು, ಬಟ್ಟೆಗಳಿಂದ ನೆಲೆಯ ಮೇಲೆ ನೆಲೆ ಏರಿಸಿ ಉಪ್ಪರಿಗೆ ಕಟ್ಟುತ್ತಿದ್ದರು. ದೊಡ್ಡಮ್ಮ ಎಂಟು ವರ್ಷದವರಿದ್ದಾಗ ಅವರ ಅಜ್ಜನ ಬೊಜ್ಜಕ್ಕೆ ಅಂಥದ್ದು ಎದ್ದಿತ್ತಂತೆ. ಕಲ್ಲಿನ ಎದುರು ಕುಳಿತು ಅವರು ಅದನ್ನು ಬುಡದಿಂದ ತುದಿಯವರೆಗೆ ಮತ್ತೆ ಕಟ್ಟಿದರು. ಯಾವ ನೆಲೆಗೆ ಬಿಳಿ ಬಟ್ಟೆ, ಯಾವುದಕ್ಕೆ ಕೆಂಪು, ಹಿಂಗಾರ ಎಲ್ಲಿ ಕಟ್ಟಿದ್ದರು, ಮೇಲೇರಿ ಕಟ್ಟುತ್ತಿದ್ದವನ ಕಾಲು ನಡುಗುತ್ತಿದ್ದದ್ದು. “ನಮ್ಮದನ್ನು ಆಮೇಲೆ ಬಿಚ್ಚಿಹಾಕಿದರು. ಇವರು ಕಲ್ಲಿನಲ್ಲೇ ಕಟ್ಟಿಬಿಟ್ಟಿದ್ದಾರೆ” ಎಂದರು. ಫರ್ಗುಸನ್ನರಿಗೆ ನೆನಪಾದದ್ದು ಕಠ್ಮಂಡು, ದೊಡ್ಡಮ್ಮನಿಗೆ ನೆನಪಾದದ್ದು ತವರಿನ ಗದ್ದೆ. ಎರಡನೆಯದು ನನಗೆ ಹೆಚ್ಚು ಬೆಳಕು ಕೊಟ್ಟಿತು.

ಕೊಡಂಗಲ್ಲಿನ ಕೊರತೆ ಎಂದರೆ ಹೆಸರು. ಹೆಚ್ಚಿನ ನಿಷಿಧಿಗಳ ಮೇಲೆ ಓದಿಕೊಳ್ಳಲು ಏನೂ ಇಲ್ಲ. ಇದು ಯಾರದು, ಯಾವ ಇಸವಿ ಎಂದು ಮಕ್ಕಳು ಕೇಳುತ್ತಲೇ ಇರುತ್ತಾರೆ. ಓದುವ ಹಂಬಲವಿರುವವರಿಗೆ ಈ ಜಾಗ ಬೇಗ ಮುಗಿದುಹೋದಂತೆ ತೋರಬಹುದು. ಅಂಥವರು ಮುಂದಿನ ಜಾಗಕ್ಕೆ ಹೋಗಬೇಕು.

ಹಂಪನಕಟ್ಟೆಯ ಮಿಲಾಗ್ರಿಸ್

ನಗರದ ಹೊಟ್ಟೆಯೊಳಗೇ ಇರುವುದು ಇದರ ಮೊದಲ ಅನುಕೂಲ. ಯಾವ ಬಸ್ಸಿನಲ್ಲಿ ಬಂದರೂ ಹಂಪನಕಟ್ಟೆಯಲ್ಲಿ ಇಳಿದು ನಡೆದೇ ಹೋಗಬಹುದು. ಗೋವಾ ಮೂಲದ ಬಿಷಪ್ ಥೋಮಸ್ ದೆ ಕಾಸ್ತ್ರೊ 1680ರಲ್ಲಿ ಈ ಇಗರ್ಜಿಯನ್ನು ಕಟ್ಟಿಸಿದರು. ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. 1684ರಲ್ಲಿ ಬಿಷಪ್ ತೀರಿಕೊಂಡಾಗ ಅವರನ್ನು ಇಲ್ಲಿಯೇ ಮಣ್ಣು ಮಾಡಿದರು. ಮುಂದೆ ಸರಿಯಾಗಿ ನೂರು ವರ್ಷಕ್ಕೆ, 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ ಇಗರ್ಜಿ ನೆಲಸಮವಾಯಿತು; ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು 1811ರಲ್ಲಿ ಇಗರ್ಜಿಯನ್ನು ಮತ್ತೆ ಎಬ್ಬಿಸಿದರು.

ಈ ಇಸವಿಗಳನ್ನು ತಲೆಯಲ್ಲಿಟ್ಟುಕೊಂಡು ಸ್ಮಶಾನದೊಳಗೆ ಹೋಗಿ. ಇಲ್ಲದಿದ್ದರೆ ಅದು ನಯ ಮಾಡಿದ ಗ್ರಾನೈಟ್ ಕಲ್ಲುಗಳ ಸಾಲಾಗಿಯೇ ಉಳಿಯುತ್ತದೆ. ಪಿಂಟೊ, ಲೋಬೊ, ಸಲ್ದಾನ, ಡಿಸೋಜ ಎಂಬ ಕುಲನಾಮಗಳು ಪೋರ್ಚುಗೀಸರ ಕಾಲದಿಂದ ಬಂದವು. ಅವುಗಳನ್ನು ಹೊತ್ತವರ ಮಾತು ಕೊಂಕಣಿ, ಆ ಕೊಂಕಣಿಯನ್ನು ಮಂಗಳೂರಿನಲ್ಲಿ ಬರೆಯುವ ಲಿಪಿ ಕನ್ನಡ. ಒಂದೇ ಕಲ್ಲಿನ ಎದುರು ನಿಂತು ಇಷ್ಟನ್ನೂ ಯೋಚಿಸಬಹುದು. ನಾನು ಇಲ್ಲಿ ಮಾಡುವ ಕೆಲಸ ಒಂದೇ: ಗಂಡ ಹೆಂಡತಿ ಇಬ್ಬರ ಹೆಸರೂ ಇರುವ ಕಲ್ಲುಗಳಲ್ಲಿ ಎರಡು ತಾರೀಕುಗಳ ನಡುವೆ ಎಷ್ಟು ವರ್ಷವಿದೆ ಎಂದು ಎಣಿಸುವುದು. ನಲವತ್ತು ವರ್ಷ ಒಬ್ಬರು ಒಂಟಿಯಾಗಿ ಬದುಕಿದ್ದು ಎರಡು ಸಾಲಿನಲ್ಲಿ ಇರುತ್ತದೆ.

ಎಲ್ಲ ಫೊಂಡಿಗೂ, ಅಂದರೆ ಗೋರಿಗೂ, ಶಾಶ್ವತ ಕಲ್ಲು ಇರುವುದಿಲ್ಲ ಎಂಬುದೂ ನೆನಪಿರಲಿ. ನಗರದ ಇಗರ್ಜಿಗಳ ಸ್ಮಶಾನಗಳಲ್ಲಿ ಜಾಗ ಸಾಲದು. ಕುಟುಂಬದವರು ಹಣ ಕೊಟ್ಟು ಉಳಿಸಿಕೊಂಡ ಗೋರಿಗಳು ನಿಲ್ಲುತ್ತವೆ. ಉಳಿದವುಗಳನ್ನು ಕೆಲವು ವರ್ಷಗಳ ನಂತರ ಮತ್ತೆ ಬಳಸುತ್ತಾರೆ. ಹಾಗಾಗಿ ಇಲ್ಲಿ ಕಾಣುವುದು ಊರಿನ ಪೂರ್ತಿ ಕಥೆಯಲ್ಲ, ಕಲ್ಲು ಹಾಕಿಸಲು ಆದವರ ಕಥೆ.

ಕಟ್ಟಡದ ದೃಷ್ಟಿಯಿಂದ ಸ್ಮಶಾನಕ್ಕಿಂತ ಇಗರ್ಜಿಯ ಮುಖವೇ ಹೆಚ್ಚು ನೋಡತಕ್ಕದ್ದು. ಅದೂ ಸಾಲದೆಂದರೆ ರೊಸಾರಿಯೊ ಕ್ಯಾಥೆಡ್ರಲಿನ ಗುಮ್ಮಟವನ್ನು ನೋಡಿ ಬನ್ನಿ. ಅಲ್ಲಿನ ಮೊದಲ ಇಗರ್ಜಿ 1568ರದು, ಈಗಿರುವುದು ಇಪ್ಪತ್ತನೆಯ ಶತಮಾನದ ಆರಂಭದ್ದು.

ಹೋಗುವ ಮುಂಚೆ ಇಗರ್ಜಿಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಇದು ಪ್ರವಾಸಿಗರಿಗೆಂದು ತೆರೆದಿಟ್ಟ ಜಾಗವಲ್ಲ, ನಿನ್ನೆ ಮೊನ್ನೆ ತಾಯಿಯನ್ನು ಕಳೆದುಕೊಂಡವರು ಬಂದು ನಿಲ್ಲುವ ಜಾಗ. ಶವಸಂಸ್ಕಾರ ನಡೆಯುತ್ತಿದ್ದರೆ ಹೊರಗಿನಿಂದಲೇ ಮರಳಿಬಿಡಿ. ವರ್ಷದಲ್ಲಿ ಒಂದೇ ದಿನ ಹೋಗುತ್ತೇನೆ ಎನ್ನುವವರಿಗೆ ನಾನು ಹೇಳುವುದು ನವೆಂಬರ್ 2. ಅದು ಕ್ರೈಸ್ತರಿಗೆ ಸಕಲ ಮೃತರ ಸ್ಮರಣೆಯ ದಿನ. ಗೋರಿಗಳನ್ನು ತೊಳೆದು, ಹೂ ಹಾಕಿ, ಮೇಣದಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಗೋರಿಗಳನ್ನು ಆಶೀರ್ವದಿಸುತ್ತಾರೆ. ಆ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಪರಿಚಯದ ಮನೆಯೊಂದಿದ್ದರೆ ಅವರ ಜತೆ ಹೋಗಿ ಅವರ ಹಿರಿಯರ ಗೋರಿಗೆ ಒಂದು ಬತ್ತಿ ನೀವೂ ಹಚ್ಚಿ. ಯಾರೂ ಬೇಡ ಎನ್ನುವುದಿಲ್ಲ.

ಕದ್ರಿ ಮತ್ತು ಉಳ್ಳಾಲ

ಕದ್ರಿಯ ಮಂಜುನಾಥ ದೇವಸ್ಥಾನಕ್ಕೆ ಬರುವವರು ಲೋಕೇಶ್ವರನ ಕಂಚಿನ ವಿಗ್ರಹವನ್ನು ನೋಡುತ್ತಾರೆ. ಆಳುಪ ಅರಸ ಕುಂದವರ್ಮ 968ರಲ್ಲಿ ಮಾಡಿಸಿದ ಆ ವಿಗ್ರಹವನ್ನು ನೋಡಲೇಬೇಕು. ಆದರೆ ಅಲ್ಲಿಂದ ಗುಡ್ಡ ಹತ್ತಿ ಜೋಗಿ ಮಠದವರೆಗೆ ಹೋಗುವವರು ಕಡಿಮೆ. ಮಠದ ಬಳಿ ನಾಥ ಜೋಗಿಗಳ ಸಮಾಧಿಗಳಿವೆ. ನಾಥರನ್ನು ಸುಡುವುದಿಲ್ಲ, ಕುಳಿತ ಭಂಗಿಯಲ್ಲಿ ನೆಲದೊಳಗೆ ಇರಿಸುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಜೋಗಿಗಳು ನಡೆದುಕೊಂಡೇ ಬಂದು ಇಲ್ಲಿ ಹೊಸ ಅರಸನನ್ನು, ಅಂದರೆ ಮಠದ ಮುಖ್ಯಸ್ಥನನ್ನು, ಕೂರಿಸುತ್ತಾರೆ. ಕಟ್ಟಡವೆಂದು ದೊಡ್ಡದೇನೂ ಇಲ್ಲ, ಆದರೆ ಗುಡ್ಡದ ಮೇಲಿನ ಮರಗಳ ನೆರಳು, ಮೌನ, ಕೆಳಗಡೆ ನಗರದ ಸದ್ದು, ಇಷ್ಟಕ್ಕೆ ಒಂದು ಗಂಟೆ ಸಾರ್ಥಕ. ಮೆಟ್ಟಿಲುಗಳಿರುವುದರಿಂದ ಮಂಡಿನೋವಿನವರಿಗೆ ಕಷ್ಟ.

ಉಳ್ಳಾಲ ನೇತ್ರಾವತಿಯ ಆಚೆ. ರಾಣಿ ಅಬ್ಬಕ್ಕನ ಊರು. ಮದೀನಾದಿಂದ ಬಂದವರೆಂದು ನಂಬಿಕೆಯಿರುವ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿಯವರ ದರ್ಗಾ ಇಲ್ಲಿದೆ. ಕಡಲಿನ ಮೇಲೆ ಚಾದರ ಹಾಸಿ ಅದರ ಮೇಲೆ ತೇಲಿ ಬಂದರು ಎಂಬ ಪ್ರತೀತಿಯಿದೆ. ಐದು ವರ್ಷಕ್ಕೊಮ್ಮೆ ಉರೂಸ್. ಆಗ ಎಲ್ಲ ಮತದವರೂ ಸೇರುತ್ತಾರೆ. ದರ್ಗಾದ ಕಟ್ಟಡ ಕಾಲಕಾಲಕ್ಕೆ ಹೊಸದಾಗುತ್ತಾ ಬಂದದ್ದು, ಹಳೆಯ ವಾಸ್ತುವನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯಾಗಬಹುದು. ಹಳೆಯ ಮರಗೆಲಸ ನೋಡಬೇಕೆಂದರೆ ನಗರದ ಬಂದರಿನಲ್ಲಿರುವ ಝೀನತ್ ಬಕ್ಷ್ ಮಸೀದಿಗೆ, ಅನುಮತಿ ಕೇಳಿಕೊಂಡು, ನಮಾಜಿನ ಹೊತ್ತು ತಪ್ಪಿಸಿ ಹೋಗಬೇಕು. ಆದರೆ ನನಗೆ ದರ್ಗಾದ ಗುಮ್ಮಟಕ್ಕಿಂತ ಮನಸ್ಸಿನಲ್ಲಿ ಉಳಿಯುವುದು ನಮ್ಮ ಊರುಗಳ ಪಳ್ಳಿಗಳ, ಅಂದರೆ ಮಸೀದಿಗಳ, ಪಕ್ಕದ ಸಾಮಾನ್ಯ ಕಬರುಗಳು: ತಲೆಯ ಕಡೆ ಒಂದು, ಕಾಲಿನ ಕಡೆ ಒಂದು ಮೀಸಾನ್ ಕಲ್ಲು, ನಡುವೆ ಮಣ್ಣು, ಮಣ್ಣಿನ ಮೇಲೆ ಹಸಿರು. ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇಲ್ಲ. ಕೊಡಂಗಲ್ಲಿನ ಎತ್ತರದ ನಿಷಿಧಿಯಲ್ಲೂ ಹೆಸರಿಲ್ಲ, ಇಲ್ಲಿಯೂ ಇಲ್ಲ.

ಉಡುಪಿಯಲ್ಲಿರುವವರಿಗೆ

ಉಡುಪಿಯಿಂದ ಹತ್ತಿರದ್ದು ಬೇಕೆಂದರೆ ಕಲ್ಯಾಣಪುರದ ಮಿಲಾಗ್ರಿಸ್ ಇದೆ. ಹಂಪನಕಟ್ಟೆಯದಕ್ಕಿಂತ ಎರಡು ವರ್ಷ ಹಳೆಯದು, 1678ರದು. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಅದು ಕ್ಯಾಥೆಡ್ರಲ್ ಆಯಿತು. ಮಂಗಳೂರಿನ ಗದ್ದಲವಿಲ್ಲದೆ ಕಲ್ಲುಗಳನ್ನು ಓದಬೇಕೆನ್ನುವವರಿಗೆ ಅದೇ ಒಳ್ಳೆಯದು. ಮಧ್ವ ಯತಿಗಳ ವೃಂದಾವನಗಳನ್ನು ಈ ಹೋಲಿಕೆಗೆ ತರಲು ನನಗೆ ಮನಸ್ಸಿಲ್ಲ. ಅವು ಪೂಜೆಗೊಳ್ಳುವ ಸ್ಥಳಗಳು, ತುಳಸಿಕಟ್ಟೆಯ ಆಕಾರದ ಆ ಕಲ್ಲುಗಳಿಗೆ ದಿನವೂ ನೀರು, ದೀಪ, ನೈವೇದ್ಯ ಸಲ್ಲುತ್ತದೆ. ಭಕ್ತಿಯಿದ್ದವರು ಹೋಗಿ ಪ್ರದಕ್ಷಿಣೆ ಬರಲಿ.

ಇಡೀ ದಿನ ಕೈಯಲ್ಲಿದ್ದರೆ ಉಡುಪಿಯವರೂ ಕೊಡಂಗಲ್ಲಿಗೇ ಬರಬೇಕು. ಕಾರ್ಕಳದ ದಾರಿ ಹಿಡಿಯಿರಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ಬೆಳಿಗ್ಗೆ ಬಿಸಿಲೇರುವ ಮುಂಚೆ ನೋಡಿ, ಮಧ್ಯಾಹ್ನದ ಊಟಕ್ಕೆ ಮೂಡುಬಿದಿರೆ ತಲುಪಿ, ಬಿಸಿಲಿನ ಹೊತ್ತನ್ನು ಸಾವಿರ ಕಂಬದ ಬಸದಿಯ ತಂಪಿನಲ್ಲಿ ಕಳೆದು, ನಾಲ್ಕರ ಹೊತ್ತಿಗೆ ನಿಷಿಧಿಗಳ ಬಳಿ ಬನ್ನಿ. ಮಂಗಳೂರಿನವರು ಇದನ್ನೇ ತಿರುವುಮುರುವು ಮಾಡಬಹುದು. ಬೆಳಗಿನ ಬೆಳಕಿಗೆ ಕೊಡಂಗಲ್ಲು, ಸಂಜೆಗೆ ಗೊಮ್ಮಟ.

ಯಾವಾಗ, ಯಾರ ಜತೆ

ಮಳೆಗಾಲದಲ್ಲಿ ಮುರಕಲ್ಲು ಪಾಚಿಗಟ್ಟುತ್ತದೆ, ಕಾಲಿಟ್ಟರೆ ಜಾರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಂಗಲ್ಲಿಗೂ ಕದ್ರಿ ಗುಡ್ಡಕ್ಕೂ ವಯಸ್ಸಾದವರನ್ನು ಕರೆದೊಯ್ಯಬೇಡಿ. ಆದರೆ ನಿಮ್ಮ ಕಾಲು ಗಟ್ಟಿಯಿದ್ದರೆ, ಮಳೆ ಬಿಟ್ಟ ಒಂದು ಗಳಿಗೆಯಲ್ಲಿ ಒಬ್ಬರೇ ಕೊಡಂಗಲ್ಲಿಗೆ ಹೋಗಿ. ಸೂರಿನಿಂದ ಸೂರಿಗೆ ನೀರು ತೊಟ್ಟಿಕ್ಕುತ್ತಿರುತ್ತದೆ, ಆ ಮಾಡುಗಳನ್ನು ಹಾಗೆ ಏಕೆ ಇಳಿಸಿದ್ದಾರೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಉಳಿದವರಿಗೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ದಿನಗಳು ಹಿತ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಸೆಕೆ ಏರಿರುವುದಿಲ್ಲ.

ಮಕ್ಕಳಿದ್ದರೆ ಕೊಡಂಗಲ್ಲು ವಾಸಿ, ಓಡಾಡಲು ಬಯಲಿದೆ. ಆದರೆ ಜಗಲಿಯ ಮೇಲೆ ಹತ್ತಲು ಬಿಡಬೇಡಿ. ಮುರಕಲ್ಲಿನ ಅಂಚು ಒಮ್ಮೆ ಉದುರಿದರೆ ಉದುರಿದ್ದೇ. ಅಜ್ಜ ಅಜ್ಜಿಯರಿದ್ದರೆ ಹಂಪನಕಟ್ಟೆ ಸುಲಭ. ಬಸದಿಗಳಿಗೆ ಚರ್ಮದ ಬೆಲ್ಟು, ಚೀಲ ಒಯ್ಯದಿರುವುದು ಒಳ್ಳೆಯದು. ದರ್ಗಾದಲ್ಲಿ ತಲೆಗೆ ಬಟ್ಟೆ ಬೇಕಾಗುತ್ತದೆ, ಒಂದು ಶಾಲು ಜತೆಗಿರಲಿ. ಕೊಡಂಗಲ್ಲಿಗೆ ಹೊರಡುವ ಮುಂಚೆ ಮೂಡುಬಿದಿರೆ ಪೇಟೆಯಲ್ಲೇ ನೀರಿನ ಬಾಟಲಿ ತುಂಬಿಸಿಕೊಳ್ಳಿ, ಮತ್ತು ಬಂದ ಆಟೋವನ್ನು ಕಳಿಸಿಬಿಡಿ. ಕಾಯಲು ಹೇಳಿದರೆ ಹತ್ತು ನಿಮಿಷಕ್ಕೇ ಹೊರಡುವ ಅವಸರವಾಗುತ್ತದೆ. ದೊಡ್ಡಮ್ಮ ಮತ್ತು ನಾನು ಪೇಟೆಯವರೆಗೆ ನಡೆದೇ ಹಿಂದಿರುಗಿದೆವು. ದಾರಿಯುದ್ದಕ್ಕೂ ಅವರು ಅಜ್ಜನ ಬೊಜ್ಜದ ಊಟಕ್ಕೆ ಎಷ್ಟು ಪಂಕ್ತಿ ಎದ್ದಿತ್ತು ಎಂದು ಎಣಿಸುತ್ತಿದ್ದರು.